ಐದು ಕಿಲೋ ನಾನೂರು ಗ್ರಾಮಿನ ಬೇಸ್ ನೋಡಲು ಬಂದವರು

ನಮ್ಮ ಮನೆಯಲ್ಲಿ ಅತ್ಯಂತ ಚೆನ್ನಾಗಿ ಮಾಡಿದ ವಸ್ತು ಯಾವುದು ಎಂದು ಯಾರಾದರೂ ಕೇಳಿದ್ದರೆ ನಾನು ಯೋಚನೆ ಮಾಡದೆ ಬೇಸ್ ಗಿಟಾರಿನ ಕಡೆ ಕೈ ತೋರಿಸುತ್ತಿದ್ದೆ. ಮಾರಲು ಹೊರಟರೆ ಯಾರಿಗೂ ಬೇಡವಾದ ವಸ್ತು ಯಾವುದು ಎಂದು ಕೇಳಿದ್ದರೂ ಅದನ್ನೇ ತೋರಿಸಬೇಕಾಗಿತ್ತು. ಈ ಎರಡನೆಯ ಸಂಗತಿ ನನಗೆ ಗೊತ್ತಾದದ್ದು ಕಳೆದ ಚಳಿಗಾಲದಲ್ಲಿ, ನನ್ನ ಎಡಭುಜ ಕೈಕೊಟ್ಟ ಮೇಲೆ. ಇನ್ನು ಮೇಲೆ ಈ ಭುಜಕ್ಕೆ ಭಾರ ನೇತುಹಾಕಬೇಡಿ, ಕೈ ಚಾಚಿಕೊಂಡು ಕೂರಬೇಡಿ ಎಂದು ಡಾಕ್ಟರ್ ಹೇಳಿದರು. ಬೇಸ್ ನುಡಿಸುವುದೆಂದರೆ ಈ ಎರಡೇ ಕೆಲಸ.

ಅದನ್ನು ಕೊಂಡದ್ದು ಈ ದೇಶಕ್ಕೆ ಬಂದ ಹೊಸದರಲ್ಲಿ, ಪಿಸ್ಕಾಟವೇ ಎಂಬ ಊರಿನಲ್ಲಿ ಓದುತ್ತಿದ್ದಾಗ. ನಾವು ಐದು ಜನ ವಿದ್ಯಾರ್ಥಿಗಳು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಒಬ್ಬಳು ಹಾಡುವವಳು, ಒಬ್ಬ ಡ್ರಮ್ಸ್, ಉಳಿದಿಬ್ಬರು ಗಿಟಾರ್ ಬಿಟ್ಟುಕೊಡಲು ಒಪ್ಪಲಿಲ್ಲವಾದ್ದರಿಂದ ಬೇಸ್ ನನ್ನ ಕೊರಳಿಗೆ ಬಿತ್ತು. ಬೇಸ್ ಎಂದರೆ ಒಗ್ಗರಣೆಯ ಇಂಗು. ಇದ್ದರೆ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಏನೋ ಕಮ್ಮಿಯಾಗಿದೆ ಅನ್ನುತ್ತಾರೆ. ಬಟ್ಟೆ ಒಗೆಯುವ ಅಂಗಡಿಯ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿಕೊಂಡು ಹೋಗಿ ವಯಸ್ಸಾದವರೊಬ್ಬರಿಂದ ಮುನ್ನೂರು ಡಾಲರಿಗೆ ತಂದೆ. ಅಷ್ಟು ಕಡಿಮೆಗೆ ಕೊಟ್ಟರಲ್ಲ, ಪಾಪ, ಅವರಿಗೆ ಮೋಸ ಮಾಡಿದೆನೇನೋ ಎಂದು ವಾರವಿಡೀ ಕೊರಗಿದ್ದೆ.

ಜಪಾನಿನಲ್ಲಿ, ನಾನು ಹುಟ್ಟಿದ ವರ್ಷದ ಆಸುಪಾಸಿನಲ್ಲಿ ಮಾಡಿದ ವಾದ್ಯ ಅದು. ತಲೆಯಿಂದ ಬಾಲದ ತನಕ ಕಂದು ಮತ್ತು ಬಿಳಿ ಮರದ ಉದ್ದುದ್ದ ಪಟ್ಟಿಗಳು. ಅಂಟಿಸಿದ ಗೆರೆ ಹುಡುಕಿದರೂ ಸಿಗುವುದಿಲ್ಲ. ಇಷ್ಟು ವರ್ಷಗಳಾದರೂ ಕತ್ತು ಕೂದಲೆಳೆಯಷ್ಟೂ ಬಾಗಿಲ್ಲ. ಇದಕ್ಕೆ ಎಂಟುನೂರು ಡಾಲರ್ ಬರಬೇಕೆಂದು ನಾನು ತೀರ್ಮಾನಿಸಿದೆ. ದುಡ್ಡಿಗೆ ತೊಂದರೆಯಿತ್ತು ಎಂದಲ್ಲ. ಹದಿನೆಂಟು ವರ್ಷ ನಾನು ಭುಜ ಸವೆಸಿಕೊಂಡದ್ದು ಒಂದು ಒಳ್ಳೆಯ ವಸ್ತುವಿಗಾಗಿ ಎಂದು ಬೇರೆ ಯಾರಾದರೂ ಒಬ್ಬರು ಜೇಬಿಗೆ ಕೈಹಾಕಿ ಒಪ್ಪಬೇಕಾಗಿತ್ತು. ಬಾಯಿಮಾತಿನ ಹೊಗಳಿಕೆ ಬೇಕಿರಲಿಲ್ಲ.

ಮೊದಲು ಮ್ಯಾನ್‌ಹ್ಯಾಟನ್ನಿನ ಒಂದು ಹಳೇ ವಾದ್ಯಗಳ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾಲು ಗಂಟೆ ಹಾಡಿಹೊಗಳಿದ. ಆಮೇಲೆ ಇನ್ನೂರು ಕೊಡುತ್ತೇನೆ ಎಂದ. ನನ್ನ ಮುಖ ನೋಡಿ ಅವನಿಗೇ ಕನಿಕರವಾಗಿ ಕಾರಣ ಬಿಡಿಸಿ ಹೇಳಿದ. ಆ ಕಾಲದಲ್ಲಿ ಒಂದೇ ಕಾರ್ಖಾನೆ ಹತ್ತಾರು ಅಂಗಡಿಗಳಿಗೆ ಗಿಟಾರ್ ಮಾಡಿಕೊಡುತ್ತಿತ್ತಂತೆ, ಒಬ್ಬೊಬ್ಬರು ಒಂದೊಂದು ಹೆಸರು ಹಾಕಿಸಿಕೊಂಡು ಮಾರುತ್ತಿದ್ದರಂತೆ. ಅಂಗಡಿಗಳು ಮುಚ್ಚಿದವು, ಹೆಸರುಗಳನ್ನು ಜನ ಮರೆತರು, ಗಿಟಾರ್ ಮಾತ್ರ ಉಳಿದುಕೊಂಡಿತು. ಹಳೆಯದಕ್ಕೆ ದುಡ್ಡು ಸುರಿಯುವವರು ಮರಕ್ಕೆ ಸುರಿಯುವುದಿಲ್ಲ, ತಲೆಯ ಮೇಲಿನ ಹೆಸರಿಗೆ ಸುರಿಯುತ್ತಾರೆ. ದೊಡ್ಡ ಕಲಾವಿದರು ಯಾರೂ ಇದನ್ನು ಹಿಡಿದುಕೊಂಡು ಫೋಟೊ ತೆಗೆಸಿಕೊಂಡಿಲ್ಲ. ಮೇಲಾಗಿ ಭಾರ, ಮೇಲಾಗಿ ಕೊಂಬಿನಂತೆ ಚಾಚಿದ ಮೈಯ ಆಕಾರ ಈಗಿನವರಿಗೆ ಹಿಡಿಸುವುದಿಲ್ಲ, ಮೇಲಾಗಿ ಒಂದು ಬ್ಯಾಂಡಿಗೆ ಬೇಸ್ ಒಂದೇ ಸಾಕು. ವಾದ್ಯದ್ದೇನೂ ತಪ್ಪಿಲ್ಲ ಎಂದು ಕೊನೆಗೆ ಸೇರಿಸಿದ. ನನಗೆ ಮೈಯೆಲ್ಲ ಉರಿಯಿತು. ವಾಪಸ್ ಹ್ಯಾರಿಸನ್‌ನ ನಮ್ಮ ಮನೆಗೆ ಬಂದು, ಎಂಟುನೂರು ಡಾಲರ್ ಎಂದು ಆನ್‌ಲೈನಿನಲ್ಲಿ ಹಾಕಿದೆ.

ಆಗ ಅಮ್ಮ ನನ್ನ ಜೊತೆಗಿದ್ದಳು, ವಿಸಿಟರ್ ವೀಸಾದ ಆರು ತಿಂಗಳಿಗೆ. ಶನಿವಾರ ಒಬ್ಬರು ನೋಡಲು ಬರುತ್ತಾರೆ ಎಂದು ನಾನು ಹೇಳಿದ್ದೇ ತಡ, ಅವಳಲ್ಲಿ ಯಾವುದೋ ಹಳೆಯ ಯಂತ್ರಕ್ಕೆ ಕರೆಂಟು ಬಂದಂತಾಯಿತು. ಎಷ್ಟು ಜನ, ಎಲ್ಲಿಯವರು, ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು. ಶನಿವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬೇಸ್ ಸೋಫಾದ ಮೇಲೆ, ಹೊಸ ಶಾಲಿನ ಮೇಲೆ ಮಲಗಿತ್ತು. ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ ಫಳಫಳ ಹೊಳೆಸಿದ್ದಳು. ಒಳಗಿನಿಂದ ರವೆ ಹುರಿಯುವ ವಾಸನೆ ಬರುತ್ತಿತ್ತು.

ಅಮ್ಮನಿಗೆ ಈ ಕೆಲಸದಲ್ಲಿ ಅನುಭವವಿದೆ. ನನ್ನನ್ನು ನೋಡಲು ಮೈಸೂರಿನ ಮನೆಗೆ ಆರು ಸಲ ಗಂಡಿನ ಕಡೆಯವರು ಬಂದಿದ್ದರು. ಆರು ಸಲವೂ ಉಪ್ಪಿಟ್ಟು, ಕೇಸರಿಬಾತ್ ತಿಂದು, ಊರಿಗೆ ಹೋಗಿ ಕಾಗದ ಬರೀತೀವಿ ಎಂದು ಎದ್ದರು. ಎಲ್ಲರ ಜೇಬಿನಲ್ಲೂ ಮೊಬೈಲ್ ಇತ್ತು, ಆದರೂ ಕಾಗದವೇ. ಅಮ್ಮ ಅವರೆದುರು ಕುರ್ಚಿಯ ತುದಿಯಲ್ಲಿ ಕೂತು, ಹುಡುಗಿ ಸ್ವಲ್ಪ ಎತ್ತರ ಜಾಸ್ತಿ, ಕೋಪ ಬೇಗ ಬರುತ್ತೆ, ಅಡುಗೆ ಇನ್ನೂ ಕಲಿಯಬೇಕು ಎಂದು ತಾನಾಗಿಯೇ ಪಟ್ಟಿ ಕೊಡುತ್ತಿದ್ದಳು. ಮುಚ್ಚಿಟ್ಟು ಕೊಡಬಾರದು ಎಂಬುದು ಅವಳ ನಿಯಮ. ಮದುವೆ ಆಗಲಿಲ್ಲವೆಂದು ನನಗೆ ದುಃಖವಿಲ್ಲ, ನಿಜವಾಗಿ ಇಲ್ಲ. ಒಳಕೋಣೆಯಲ್ಲಿ ರೇಷ್ಮೆ ಸೀರೆ ಉಟ್ಟು ನಿಂತು ಆ ಪಟ್ಟಿ ಕೇಳಿಸಿಕೊಂಡದ್ದು ಮಾತ್ರ ಈಗಲೂ ನೋಯುತ್ತದೆ.

ಮೊದಲು ಬಂದವನು ಜರ್ಸಿ ಸಿಟಿಯ ಯಾವುದೋ ಫೈನಾನ್ಸ್ ಆಫೀಸಿನ ಹುಡುಗ. ಬೂಟು ಬಿಚ್ಚಿಸಿ ಕೂರಿಸಿ ಅಮ್ಮ ಅವನ ಕೈಗೆ ತಟ್ಟೆ ಕೊಟ್ಟಳು. ಐದು ನಿಮಿಷದಲ್ಲಿ ನೋಡಿಕೊಂಡು ಹೋಗಲು ಬಂದಿದ್ದವನು ಉಪ್ಪಿಟ್ಟಿನ ಮೇಲಿನ ಗೋಡಂಬಿಯನ್ನು ಅನುಮಾನದಿಂದ ನೋಡಿದ. ಬೇಸನ್ನು ಎತ್ತಿಕೊಂಡಾಗ ಎಣ್ಣೆಯಿಂದಾಗಿ ಅದು ಅವನ ಕೈಯಿಂದ ಜಾರಿ ಮತ್ತೆ ಶಾಲಿನ ಮೇಲೆ ಬಿತ್ತು. ಅಮ್ಮ ಒಳಗೆ ಹೋಗಿ ಸೂಟ್‌ಕೇಸ್ ತೂಗುವ ಕೊಕ್ಕೆ ತಂದಳು. ಇಲ್ಲಿನ ನಮ್ಮವರ ಪ್ರತಿಯೊಂದು ಮನೆಯಲ್ಲೂ ಒಂದಿರುತ್ತದೆ. ಬೇಸನ್ನು ಅದಕ್ಕೆ ನೇತುಹಾಕಿ, ಐದು ಕಿಲೋ ನಾನೂರು ಎಂದು ತನಗೆ ಬರುವ ಇಂಗ್ಲಿಷಿನಲ್ಲಿ ಘೋಷಿಸಿದಳು. ನನ್ನ ಭುಜ ತೋರಿಸಿ, ಇದರಿಂದಲೇ ಹೋಯಿತು ಎಂದೂ ಹೇಳಿದಳು. ಹುಡುಗ ಫೋನಿನಲ್ಲಿ ಅದರ ಹೆಸರು ಹುಡುಕಿದ. ಏನೂ ಸಿಗಲಿಲ್ಲ. ಯೋಚಿಸಿ ಮೆಸೇಜ್ ಮಾಡುತ್ತೇನೆ ಎಂದು ಹೊರಟ.

ಅಮ್ಮ ನನ್ನ ಕಡೆ ತಿರುಗಿ, “ಕಾಗದ ಬರೀತಾನಂತಾ?” ಎಂದಳು.

ಎರಡನೆಯವಳು ಪಿಸ್ಕಾಟವೇಯ ಒಬ್ಬ ವಿದ್ಯಾರ್ಥಿನಿ. ಅವಳಿಗೆ ಬೇಸ್ ಇಷ್ಟವಾಯಿತು, ಮುಖದಲ್ಲೇ ಗೊತ್ತಾಗುತ್ತಿತ್ತು. ಅದನ್ನು ನೋಡಿ ಅಮ್ಮನಿಗೆ ಗಾಬರಿಯಾಯಿತು. ಸಂಬಂಧ ಕೈತಪ್ಪಬಾರದೆಂದು ಕೇಸ್ ಕೊಡುತ್ತೇವೆ, ಬೆಲ್ಟ್ ಕೊಡುತ್ತೇವೆ, ಸ್ಟ್ಯಾಂಡೂ ಕೊಡುತ್ತೇವೆ ಎಂದು ನನ್ನ ಬಾಯಿಂದ ಹೇಳಿಸಿದಳು. ಕೊನೆಗೆ ಡಬ್ಬಿಯಲ್ಲಿ ಚಕ್ಕುಲಿ ತುಂಬಿಸಿ ತಂದು ಕೈಗಿತ್ತಳು. ಒಂದೊಂದು ಸೇರಿಸಿದಂತೆಲ್ಲ ಹುಡುಗಿಯ ಮುಖ ಬಿಗಿಯಾಯಿತು. ಇದು ಕದ್ದ ಮಾಲಲ್ಲ ತಾನೇ ಎಂದು ಮೆಲ್ಲಗೆ ನನ್ನನ್ನು ಕೇಳಿ, ಚಕ್ಕುಲಿ ಮಾತ್ರ ತೆಗೆದುಕೊಂಡು ಹೋದಳು.

ನಾನು ಆ ಸಂಜೆ ಅಮ್ಮನ ಮೇಲೆ ರೇಗಿದೆ. ಇದು ವ್ಯಾಪಾರ, ಹೆಣ್ಣು ತೋರಿಸೋ ಶಾಸ್ತ್ರ ಅಲ್ಲ ಎಂದೆ. ಒಳ್ಳೆಯ ವಸ್ತುವನ್ನು ನಾವೇ ಕೈಮುಗಿದುಕೊಂಡು ಕೊಡಲು ಹೋದರೆ ಅದರಲ್ಲೇನೋ ಐಬಿದೆ ಎಂದೇ ಜನ ತಿಳಿಯುತ್ತಾರೆ ಎಂದೆ. ಇಂಥವು ಅಗ್ಗಕ್ಕೆ ಹೋಗುವುದಕ್ಕೆ ಅಂಗಡಿಯವನು ಹೇಳಿದ ಕಾರಣಗಳ ಜೊತೆಗೆ ಇದೂ ಒಂದು, ಮಾರುವವರ ಮುಖ ಎಂದೆ. ಅಮ್ಮ ಬಾಣಲೆ ಉಜ್ಜುತ್ತಿದ್ದಳು. ನಾನು ಬೇಸಿನ ವಿಷಯ ಮಾತ್ರ ಹೇಳುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಾಗಿತ್ತು.

ಮೂರನೆಯವರು ಮುಂದಿನ ಶನಿವಾರ ಮಧ್ಯಾಹ್ನ ಬಂದರು. ಅರವತ್ತು ದಾಟಿದವರು, ರೈಲು ರಿಪೇರಿ ಕೆಲಸದಿಂದ ನಿವೃತ್ತರಾದವರು, ಭಾನುವಾರ ಚರ್ಚಿನಲ್ಲಿ ಬೇಸ್ ನುಡಿಸುವವರು. ಅಮ್ಮ ಅಷ್ಟು ಬೈಸಿಕೊಂಡೂ ಕೇಸರಿಬಾತ್ ಮಾಡಿದ್ದಳು. ಅವರು ಅದನ್ನು ಸಂತೋಷವಾಗಿ ತಿಂದು ಇನ್ನೊಂದು ಸಲ ಹಾಕಿಸಿಕೊಂಡರು. ಮೊದಲಿನಿಬ್ಬರು ಹೆಡ್‌ಫೋನ್ ಹಾಕಿಕೊಂಡು ನೋಡಿದ್ದರು. ನಾನು ನುಡಿಸಿದ್ದೂ ಹಾಗೆಯೇ, ಅಪಾರ್ಟ್‌ಮೆಂಟಿನ ಗೋಡೆಗಳು ಅಷ್ಟು ತೆಳು. ಇವರು ಮಾತ್ರ ತಮ್ಮದೇ ಒಂದು ಪುಟ್ಟ ಆಂಪ್ಲಿಫಯರ್ ತಂದಿದ್ದರು. ಬೇಸನ್ನು ಕಿವಿಯಿಂದ ಕೇಳಿ ಕೊಳ್ಳಲಾಗುವುದಿಲ್ಲ, ಕಾಲಿನಿಂದ ಕೇಳಬೇಕು ಎಂದು ಅದನ್ನು ನೆಲದ ಮೇಲಿಟ್ಟರು.

ಅವರು ನಿಧಾನವಾಗಿ, ಒಂದೊಂದೇ ಸ್ವರ ಇಳಿಸುತ್ತ ನುಡಿಸಿದರು. ನೆಲ ಸಣ್ಣಗೆ ನಡುಗಿತು, ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳು ಗುಂಯ್‌ಗುಟ್ಟಿದವು. ಅಮ್ಮ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ಕಳಚಿ ಬರಿಗಾಲಿನಲ್ಲಿ ಹಾಲಿಗೆ ಬಂದು ನಿಂತಳು. ಹೋದ ಸಲ, ಅದರ ಹಿಂದಿನ ಸಲ ಬಂದು ನನ್ನ ಜೊತೆಗಿದ್ದ ಆರಾರು ತಿಂಗಳೂ ಅವಳು ಕೇಳಿದ್ದು ಹೆಡ್‌ಫೋನಿನ ಹೊರಗೆ ಉಳಿಯುವ ಟಕಟಕ ಮಾತ್ರ.

“ಇದನ್ನಾ ನೀನು ನುಡಿಸ್ತಿದ್ದದ್ದು?” ಎಂದಳು. “ನಾನು ನೀನು ಹತ್ತಿ ಹಿಂಜೋ ಥರ ಏನೋ ಆಟ ಆಡ್ಕೋತಿದ್ದೀಯ ಅಂದ್ಕೊಂಡಿದ್ದೆ.”

ನುಡಿಸುವುದು ಮುಗಿಸಿ ಅವರು ಅದರ ಹಿಂಬದಿಯ ಮರವನ್ನು ಅಂಗೈಯಿಂದ ಸವರಿದರು. ತುಂಬ ಒಳ್ಳೆಯದು, ಆದರೆ ಹೆಸರಿಲ್ಲ, ಭಾರ ಬೇರೆ, ಆರುನೂರು ಕೊಡಬಲ್ಲೆ ಎಂದರು. ಅದು ಅನ್ಯಾಯದ ಬೆಲೆಯಲ್ಲ. ನನಗೂ ಸಾಕಾಗಿಹೋಗಿತ್ತು, ಹೂಂ ಅನ್ನಲು ಬಾಯಿ ತೆರೆದೆ. ಅಮ್ಮ ಸ್ಟ್ಯಾಂಡಿನ ಜೊತೆಗೆ ಕೇಸರಿಬಾತ್ ಪಾತ್ರೆಯನ್ನೂ ಕೊಟ್ಟುಬಿಡುತ್ತಾಳೆ ಎಂದು ಅವಳ ಕಡೆ ನೋಡಿದೆ. ಅಮ್ಮ ಸೋಫಾದಲ್ಲಿ ಹಿಂದಕ್ಕೆ ಒರಗಿ ಕೂತಿದ್ದಳು. ಮನೆಗೆ ಜನ ಬಂದಾಗ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

“ಆಗಲ್ಲ ಅಂತ ಹೇಳು” ಎಂದಳು ಕನ್ನಡದಲ್ಲಿ. “ಎಂಟುನೂರಕ್ಕೆ ಒಂದು ಡಾಲರ್ ಕಮ್ಮಿ ಆದ್ರೂ ಕೊಡಲ್ಲ, ಬೇಡಾಂದ್ರೆ ಎದ್ದು ಹೋಗ್ಲಿ. ಮಾಲಲ್ಲಿ ಏನೂ ಐಬಿಲ್ಲ.” ಆಮೇಲೆ ನನ್ನನ್ನು ನೋಡದೆ, “ಅವತ್ತೂ ನಾನು ಹೀಗೇ ಹೇಳ್ಬೇಕಾಗಿತ್ತು. ಆರು ಸಲಾನೂ” ಎಂದಳು.

ಅಮ್ಮ ಏನಂದರು ಎಂದು ಅವರು ಕೇಳಿದರು. ಎಂಟುನೂರು ಅಂತೆ ಎಂದೆ. ಉಳಿದದ್ದಕ್ಕೆ ನನ್ನಲ್ಲಿ ಇಂಗ್ಲಿಷ್ ಇರಲಿಲ್ಲ, ಹುಡುಕುವಷ್ಟರಲ್ಲಿ ಕಣ್ಣು ತುಂಬಿತು. ಅವರು ನನ್ನನ್ನು ನೋಡಿದರು, ತೊಡೆಯ ಮೇಲಿನ ಬೇಸನ್ನು ನೋಡಿದರು, ತಾವು ಎಂಥ ಕೆಲಸ ಮಾಡಿಬಿಟ್ಟೆವಲ್ಲ ಎಂದು ನಿಜವಾಗಿ ಸಂಕಟಪಟ್ಟರು. ವಾದ್ಯವನ್ನು ಇಷ್ಟು ಹಚ್ಚಿಕೊಂಡವರ ಹತ್ತಿರ ತಾವು ಚೌಕಾಸಿ ಮಾಡಬಾರದಿತ್ತು, ಎಂಟುನೂರೇ ಆಗಲಿ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಮಾತುಕೊಟ್ಟರು. ಅಳು ಬೇಸಿಗಾಗಿ ಅಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ.