ಹಿರಿಯರ ಹಬ್ಬಕ್ಕೆ ತಂದ ದೋಣಿ

ಮಗಳು ತೀರಿಕೊಂಡ ವರ್ಷವೇ ನನ್ನ ಗಂಡ ಒಂದು ಹಳೆಯ ಹಾಯಿದೋಣಿ ಕೊಂಡರು. ಚಿಕ್ಕಬಳ್ಳಾಪುರದಲ್ಲಿ ಈ ಮಾತು ಯಾರಿಗೆ ಹೇಳಿದರೂ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ, ಆಮೇಲೆ ಪಾಪ ಎನ್ನುತ್ತಾರೆ. ಪಾಪ ಎಂದದ್ದು ಮಗಳಿಗೋ, ಗಂಡನಿಗೋ, ಅಂಥವರ ಜೊತೆ ಬಾಳಿದ ನನಗೋ, ನಾನು ಕೇಳಿಲ್ಲ. ದೋಣಿ ಏನಾಯಿತು ಎಂದು ಮಾತ್ರ ಎಲ್ಲರೂ ಕೇಳುತ್ತಾರೆ. ವರ್ಗವಾಗಿ ಈ ಕಡೆ ಬರುವಾಗ ಮಾರಿದವನಿಗೇ ಬಿಟ್ಟು ಬಂದೆವು.

ಎಂಬತ್ತರ ದಶಕದ ನಡುವಿನ ಮಾತು ಇದು. ಅವರು ಚಿಂತಾಮಣಿಯವರು, ನಾನು ಮಂಡಿಕಲ್ ಕಡೆಯವಳು. ನಮ್ಮ ಸೀಮೆಯಲ್ಲಿ ಹೊಳೆ ಎಂದರೆ ಮರಳು, ನೀರು ಎಂದರೆ ಕೆರೆ. ಅವರದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರ ಕೆಲಸ. ಮೇಲಿನವರಿಗೆ ಏನೋ ಎದುರು ಮಾತಾಡಿದರಂತೆ, ಹೊನ್ನಾವರಕ್ಕೆ ಎತ್ತಿ ಹಾಕಿದರು. ನಾನು ರಾಗಿಹಿಟ್ಟಿನ ಮೂಟೆ ಕಟ್ಟಿಕೊಂಡು ದಾರಿಯುದ್ದಕ್ಕೂ ಅತ್ತುಕೊಂಡು ಹೋದೆ. ಆ ಊರಲ್ಲಿ ಎರಡು ವರ್ಷ ಇದ್ದರೂ ಮೀನಿನ ವಾಸನೆಗೆ ನನ್ನ ಮೂಗು ಒಗ್ಗಲಿಲ್ಲ, ಒಗ್ಗಲಿ ಎಂದು ನಾನೂ ಬಿಡಲಿಲ್ಲ.

ಮಗಳು ಹಾಗಲ್ಲ. ಶರಾವತಿ ದಡದಲ್ಲಿ ನಮ್ಮ ಬಾಡಿಗೆ ಮನೆ. ಹಿತ್ತಲ ಕಲ್ಲಿನ ಮೇಲೆ ಕೂತರೆ ಹಾಯಿ ಬಿಚ್ಚಿಕೊಂಡು ದೋಣಿಗಳು ಅಳಿವೆಯ ಕಡೆ, ಅಂದರೆ ಹೊಳೆ ಸಮುದ್ರ ಸೇರುವ ಕಡೆ, ಹೋಗುವುದು ಕಾಣುತ್ತಿತ್ತು. ಅವಳಿಗೆ ಅದೇ ಊಟ, ಅದೇ ನಿದ್ದೆ. ಅಪ್ಪ ಮಗಳದು ತೆಲುಗು ಮಾತು, ನನಗೆ ಅರ್ಥವಾಗುತ್ತಿದ್ದರೂ ನನ್ನನ್ನು ಹೊರಗಿಟ್ಟು ಮಾತಾಡಲು ಅವರಿಬ್ಬರಿಗೆ ಅದೊಂದು ಅನುಕೂಲ. "ನಾಯ್ನ, ನಾಕೊಕ ಪಡವ ಕೊನಿಸ್ತಾವಾ?" ಎಂದು ಕೇಳುವಳು. ಅಪ್ಪ, ನನಗೊಂದು ದೋಣಿ ಕೊಡಿಸ್ತೀಯಾ ಎಂದು. ಕಚೇರಿಗೆ ಹೊರಟ ಮನುಷ್ಯ ಚಪ್ಪಲಿ ಮೆಟ್ಟುತ್ತ, ಕೊಡಿಸ್ತೀನಮ್ಮ, ಎನ್ನುವರು. ಮಕ್ಕಳು ಚಂದ್ರನನ್ನು ಕೇಳಿದರೂ ನಾವು ಬೇಡ ಎನ್ನುವುದಿಲ್ಲ. ಅದೂ ಅಂಥದೇ ಒಂದು ಮಾತು ಎಂದುಕೊಂಡಿದ್ದೆ.

ಬೇಸಿಗೆ ರಜೆಗೆ ಅವಳನ್ನು ಕರೆದುಕೊಂಡು ಮಂಡಿಕಲ್‌ಗೆ ಬಂದೆ. ಅವರಿಗೆ ರಜೆ ಸಿಗಲಿಲ್ಲ. ಜ್ವರ ಬಂತು. ಮೊದಲ ದಿನ ಬಿಸಿಲು ಹೊಡೆದಿದೆ ಎಂದೆವು, ಎರಡನೇ ದಿನ ದೃಷ್ಟಿ ತೆಗೆದೆವು, ಮೂರನೇ ದಿನ ಬೆಂಗಳೂರಿಗೆ ಹೊರಟ ಕಾರಿನಲ್ಲಿ ನನ್ನ ತೊಡೆಯ ಮೇಲೆ ಹೋಗಿಬಿಟ್ಟಳು. ಆರು ವರ್ಷ. ಅವರಿಗೆ ತಂತಿ ಮುಟ್ಟಿ, ಘಟ್ಟ ಹತ್ತಿ, ಬಸ್ಸು ಬದಲಾಯಿಸಿಕೊಂಡು ಬರುವಷ್ಟರಲ್ಲಿ ಮಾರನೆಯ ದಿನ ಸಂಜೆ. ಎಳೆ ಮಗುವನ್ನು ಅಷ್ಟು ಹೊತ್ತು ಇಡುವುದಿಲ್ಲ ಎಂದು ಹಿರಿಯರು ಹೊಲದ ಬದಿಯಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಅವರು ಕಂಡದ್ದು ಹಸಿ ಮಣ್ಣು, ಅದರ ಮೇಲಿನ ಮುಳ್ಳುಕಂಟಿ. ಕೊನೆಗೊಂದು ಸಲ ಮುಖ ನೋಡುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ.

ಅಳಲಿಲ್ಲ. ಅದೇ ನನಗೆ ಭಯ. ಹೊನ್ನಾವರಕ್ಕೆ ವಾಪಸು ಬಂದು ಕಚೇರಿಗೆ ಹೋದರು, ಬಂದರು, ಉಂಡರು. ನಾನು ಗೋಡೆಗೆ ತಲೆ ಕೊಟ್ಟು ಅಳುವಾಗ ಪಕ್ಕದಲ್ಲಿ ಕೂತು ಗಡಿಯಾರಕ್ಕೆ ಕೀ ಕೊಡುವರು. ಈ ಮನುಷ್ಯನ ಕರುಳು ಕಲ್ಲೋ ಕಬ್ಬಿಣವೋ ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಬೈದಿದ್ದೇನೆ.

ಮಳೆ ಹಿಂದಾಗಿ ಪಿತೃಪಕ್ಷ ಬಂತು. ನಮ್ಮ ಕಡೆ ಅದನ್ನು ಹಿರಿಯರ ಹಬ್ಬ ಎನ್ನುತ್ತೇವೆ. ಸತ್ತವರ ಹೆಸರಿಗೆ ಎಲೆ ಹಾಕಿ ಅವರು ಇಷ್ಟಪಟ್ಟದ್ದನ್ನೆಲ್ಲ ಬಡಿಸಿ ಎಡೆ ಇಡುವುದು. ನಮ್ಮ ಮಾವನವರ ಎಲೆಯ ಪಕ್ಕ ಬೀಡಿ ಕಟ್ಟು ಇರಲೇಬೇಕು. ನನ್ನ ಗಂಡ ಚಿಂತಾಮಣಿಗೆ ಫೋನು ಮಾಡಿ, ಈ ಸಲ ಮಗುವಿಗೂ ಒಂದು ಎಲೆ ಹಾಕಿಸು ಎಂದು ತಾಯಿಯನ್ನು ಕೇಳಿದರು. ನಮ್ಮತ್ತೆ, ಅದು ಹಿರಿಯರ ಹಬ್ಬ ಕಣಪ್ಪ, ಮಕ್ಕಳಿಗೆ ಎಲೆ ಹಾಕೋ ಪದ್ಧತಿ ನಮ್ಮನೇಲಿ ಇಲ್ಲ ಎಂದರಂತೆ. ಕೆಟ್ಟ ಹೆಂಗಸಲ್ಲ ಅವರು. ತಮ್ಮ ಎರಡು ಕೂಸುಗಳನ್ನು ಹಾಗೇ ಎಲೆಯಿಲ್ಲದೆ ಕಳೆದುಕೊಂಡವರು.

ಅವತ್ತು ಇವರು ಮನೆಗೆ ಬಂದವರೇ, ಅವಳಿಗೆ ಅಲ್ಲಿ ಜಾಗ ಇಲ್ವಂತೆ, ಇಲ್ಲೇ ನಾವಿಡಣ ಎಂದರು. ಆಗಲಿ ಎಂದೆ. ಚಿತ್ರಾನ್ನ, ಕಡ್ಲೆಬೀಜದ ಉಂಡೆ, ಹಪ್ಪಳ ಎಂದು ಅವಳ ಇಷ್ಟದ್ದನ್ನೆಲ್ಲ ಬಾಯಲ್ಲಿ ಹೇಳುತ್ತ ಹೋದೆ.

"ಅದೆಲ್ಲ ನೀನು ಮಾಡ್ತೀಯ. ನಾನು ಕೊಡಿಸ್ತೀನಿ ಅಂದಿದ್ದು ದೋಣಿ," ಎಂದರು.

ನನಗೆ ಮೈ ಉರಿದುಹೋಯಿತು. ಬದುಕಿದ್ದಾಗ ಒಂದು ಬಾಡಿಗೆ ದೋಣಿ ಹತ್ತಿಸದವರು ಈಗ ಯಾರಿಗೆ ತರುತ್ತೀರಿ ಎಂದು ಕೂಗಿದೆ. ಅವರು ಮಾರನೆಯ ಭಾನುವಾರ ಕುಮಟೆಯ ಆಚೆಯ ತದಡಿ ಬಂದರಿಗೆ ಹೋಗಿ ಬೆಲೆ ಮಾತಾಡಿ ಬಂದರು. ಅಲ್ಲಿಯ ಒಬ್ಬ ಮುದುಕ ಮೀನುಗಾರನ ಮಕ್ಕಳು ಮೋಟಾರು ದೋಣಿ ಮಾಡಿಕೊಂಡಿದ್ದರು, ಇವನ ಹಾಯಿದೋಣಿ ದಡದಲ್ಲಿ ಸುಮ್ಮನೆ ಕೂತಿತ್ತು. ಹುಚ್ಚು ಬಿಡುವವರೆಗೆ ಮದುವೆ ಇಲ್ಲ ಎನ್ನುತ್ತಾರೆ. ಇವರದು ಮದುವೆಯಾದ ಮೇಲೆ ಹಿಡಿದ ಹುಚ್ಚು, ಬಿಡಿಸುವವರು ಯಾರು?

ಅಮಾವಾಸ್ಯೆಯ ಹಿಂದಿನ ದಿನ ದೋಣಿ ತರಲು ಹೊರಟರು. ನಾನೂ ಹತ್ತಿದೆ. ಮುಳುಗಿದರೆ ಇಬ್ಬರೂ ಮುಳುಗೋಣ ಎಂಬ ಹಟ, ಬೇರೇನಲ್ಲ. ಚುಕ್ಕಾಣಿ ಹಿಡಿಯಲು ಮುದುಕನೇ ಬಂದ. ಬೆಳಕು ಹರಿಯುವ ಹೊತ್ತಿಗೆ ನೆಲದ ಕಡೆಯ ಗಾಳಿಯಲ್ಲಿ ಹೊಳೆಬಾಯಿ ದಾಟಿ ತೆಂಕಣಕ್ಕೆ ತಿರುಗಿದೆವು. ಎಡಗಡೆ ಊರು, ತೆಂಗು, ಗುಡ್ಡ ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ಬಲಗಡೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನು ನೋಡಿ ನಾನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಹಲಗೆಗಳ ಸಂದಿನಿಂದ ನೀರು ಜಿನುಗುತ್ತಿತ್ತು. ಹಳೆಯ ದೋಣಿ, ಒಣಗಿದೆ, ಊದಿಕೊಂಡರೆ ಸಂದು ತಾನೇ ಮುಚ್ಚುತ್ತದೆ ಎಂದು ಮುದುಕ ಸಮಾಧಾನ ಹೇಳಿದ. ನಾನು ಡಬ್ಬದಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲಿದೆ.

ಅವರು ಮುಂದುಗಡೆ ಕೂತಿದ್ದರು. ಕೂತಿದ್ದ ಹಲಗೆಯಲ್ಲಿ ಎಡಕ್ಕೆ ಸರಿದು, ಪಕ್ಕದಲ್ಲಿ ಒಂದು ಮಗು ಕೂರುವಷ್ಟು ಜಾಗ ಬಿಟ್ಟುಕೊಂಡಿದ್ದರು. ಕುಮಟೆ ಹಿಂದಾದ ಮೇಲೆ ತೆಲುಗಿನಲ್ಲಿ ಮಾತು ಶುರುವಾಯಿತು. ಅಲ್ಲಿ ನೋಡಮ್ಮ, ಅದು ದೇವಸ್ಥಾನ. ಇಲ್ಲಿ ನೋಡು, ಮೀನು ಹಾರಿತು. ಕೈ ಗಟ್ಟಿಯಾಗಿ ಹಿಡ್ಕೊ. ಇದ್ದ ಮಗು ಹೋಯಿತು, ಇದ್ದ ಗಂಡನೂ ಹೋದರು ಎಂದುಕೊಂಡೆ. ಯಾರ ಹತ್ತಿರ ಮಾತು ಎಂದು ಮುದುಕ ತಗ್ಗಿದ ದನಿಯಲ್ಲಿ ಕೇಳಿದ. ಮಗಳ ಹತ್ತಿರ ಎಂದೆ. ಆಮೇಲೆ ಅವನು ಹಾಯಿಯ ಹಗ್ಗ ಸರಿಮಾಡಲು ಮುಂದೆ ಹೋದಾಗಲೆಲ್ಲ ಆ ಖಾಲಿ ಜಾಗವನ್ನು ತುಳಿಯದೆ ದಾಟಿದ.

ಮಧ್ಯಾಹ್ನದ ಗಾಳಿ ಹಿಂದಿನಿಂದ ಬೀಸಿ ಹೊನ್ನಾವರದ ಎದುರಿಗೆ ತಂದುಬಿಟ್ಟಿತು. ಆದರೆ ಇಳಿತದ ಹೊತ್ತು, ಅಳಿವೆಯಲ್ಲಿ ಅಲೆ ಬಿಳಿಯಾಗಿ ಒಡೆಯುತ್ತಿತ್ತು. ಲಂಗರು ಹಾಕಿ, ನೀರು ತಿರುಗುವವರೆಗೆ ಕಾಯ್ದು, ಹೊತ್ತು ಮುಳುಗುವಾಗ ಒಳಗೆ ಬಂದೆವು. ನಮ್ಮ ಹಿತ್ತಲ ಹಿಂದೆ ದೋಣಿ ಕಟ್ಟಿ, ಮುದುಕ ಒಂದು ಲೋಟ ಕಾಫಿ ಕುಡಿದು ಬಸ್ಸಿಗೆ ಹೋದ.

ಮಾರನೆಯ ಬೆಳಿಗ್ಗೆ ನೀರು ಇಳಿದು ದೋಣಿ ಕೆಸರಿನ ಮೇಲೆ ಕೂತಿತ್ತು. ಅದರೊಳಗೇ ಎಲೆ ಹಾಕಿ ಬಡಿಸಿದೆ. ಪಕ್ಕದಲ್ಲಿ ಅವಳ ಹಳದಿ ಫ್ರಾಕು ಮಡಿಸಿಟ್ಟೆ. ಅವರು ಊದುಬತ್ತಿ ಹಚ್ಚಿದರು. ಮನೆಯಲ್ಲಾದರೆ ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಸತ್ತವರು ಬಂದು ಉಣ್ಣುವುದನ್ನು ಇದ್ದವರು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಯಜಮಾನನಾದವನು ಚಪ್ಪಾಳೆ ತಟ್ಟಿ ಬಾಗಿಲು ತೆಗೆಯಬೇಕು. ನಾವು ಬರುತ್ತಿದ್ದೇವೆ, ನೀವಿನ್ನು ಹೊರಡಿ ಎಂದು ಅದರ ಅರ್ಥ. ದೋಣಿಗೆ ಎಲ್ಲಿಯ ಬಾಗಿಲು? ಇಳಿದು ಬೆನ್ನು ಮಾಡಿ ನಿಲ್ಲಣ ಎಂದರು. ಇಬ್ಬರೂ ಕೆಸರಿನಲ್ಲಿ ಮನೆಯ ಕಡೆ ಮುಖ ಮಾಡಿ ನಿಂತೆವು.

ಆರು ವರ್ಷದವಳು ಹಿರಿಯರ ಸಾಲಿಗೆ ಸೇರಿಬಿಟ್ಟಳಲ್ಲ ಎಂದು ನನಗೆ ದುಃಖ ಒತ್ತರಿಸಿ ಬಂತು. ಅಷ್ಟರಲ್ಲಿ ಹಿಂದೆ ಹಲಗೆ ಕಿರ್ರೆಂದಿತು. ಯಾರೋ ಹತ್ತಿ ಕೂತ ಹಾಗೆ ದೋಣಿ ಅಲುಗಿದ ಸದ್ದು.

"ಬಂದವ್ಳೆ ಕಣೇ," ಎಂದರು.

ಅಮಾವಾಸ್ಯೆಯ ಭರತ, ಅಂದರೆ ಸಮುದ್ರದ ಉಬ್ಬರ, ಏರಿ ದೋಣಿಯನ್ನು ಎತ್ತುತ್ತಿದೆ ಎಂದು ನನಗೆ ಗೊತ್ತಿತ್ತು. ಅಲ್ಲಿ ಎರಡು ವರ್ಷ ಹಿತ್ತಲಲ್ಲಿ ಪಾತ್ರೆ ತೊಳೆದವಳು ನಾನು. ಗೊತ್ತಿದ್ದೂ ನನ್ನ ಮೈಯೆಲ್ಲ ಕಿವಿಯಾಯಿತು. ತಿರುಗಿ ನೋಡಲಿಲ್ಲ.

ನೀರು ಪಾದ ಮುಟ್ಟಿತು. ಆಮೇಲೆ ಮೀನಖಂಡ. ಅವರು ಚಪ್ಪಾಳೆ ತಟ್ಟಲಿಲ್ಲ. ತಟ್ಟಿ ರೀ ಎಂದೆ. ಈಗ ತಾನೇ ಬಂದವ್ಳೆ, ಇನ್ನೊಂಚೂರು ಹೊತ್ತು ಉಣ್ಣಲಿ ಎಂದರು. ಸೀರೆ ನೆನೆದು ಕಾಲಿಗೆ ಸುತ್ತಿಕೊಂಡಿತು. ನೀರು ಮೊಣಕಾಲು ದಾಟಿತು. ಮತ್ತೆ ಹೇಳಿದೆ.

"ತಟ್ಟಿದ್ರೆ ಹೊಂಟೋಗ್ತಾಳೆ. ಆವತ್ತು ನಾನು ಬರೋವರ್ಗೂ ನೀವ್ಯಾರೂ ಇಟ್ಕೊಳ್ಳಲಿಲ್ಲ. ಇವತ್ತು ನನ್ ಕೈಯಾರೆ ಹೆಂಗ್ ಕಳಿಸ್ಲಿ?"

ನಾಲ್ಕು ತಿಂಗಳು ನಾನು ಕಲ್ಲು ಎಂದುಕೊಂಡಿದ್ದದ್ದು ಇದನ್ನು. ನನಗಾದರೂ ಅವಳ ಕೊನೆಯ ಬಿಸಿ ತೊಡೆಯ ಮೇಲೆ ಸಿಕ್ಕಿತ್ತು, ಕಣ್ಣು ಮುಚ್ಚಿದ್ದು ನನ್ನ ಬೆರಳು. ಈ ಮನುಷ್ಯನಿಗೆ ಸಿಕ್ಕಿದ್ದು ಒಂದು ತಂತಿ. ಮಗಳನ್ನು ಕಳಿಸಿಕೊಡಲು ಬಿಟ್ಟಿರಲಿಲ್ಲ ನಾವು ಅವರನ್ನು.

ಹಾಗೆಂದು ಎಷ್ಟು ಹೊತ್ತು ನಿಲ್ಲುವುದು? ಅವರ ಎರಡೂ ಕೈಗಳನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಬಿಗಿದುಕೊಂಡಿದ್ದವು. ಒಂದೊಂದೇ ಬೆರಳು ಬಿಡಿಸಿ, ಒಂದರ ಮೇಲೊಂದು ಇಟ್ಟು, ಮಕ್ಕಳಿಗೆ ಕಲಿಸುವಂತೆ ನಾನೇ ತಟ್ಟಿಸಿದೆ. ಮೊದಲ ಸಲ ಸದ್ದೇ ಬರಲಿಲ್ಲ. ಎರಡನೇ ಸಲಕ್ಕೆ ಬಂತು. ಮೂರನೆಯದನ್ನು ಅವರೇ ತಟ್ಟಿದರು. ತಟ್ಟಿದವರು ನೀರಿನಲ್ಲೇ ಕುಸಿದು, ಹೋಗ್ ಬಾರಮ್ಮ ಎಂದು ಬಿಕ್ಕಿ ಬಿಕ್ಕಿ ಅತ್ತರು. ಗಂಡಸರು ಹಾಗೆ ಅಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆಮೇಲೆ ದೋಣಿಯ ಹಗ್ಗ ಎಳೆದುಕೊಂಡು ಹತ್ತಿದೆವು. ಎಲೆ ಇಟ್ಟ ಹಾಗೇ ಇತ್ತು. ಎಡೆಯ ಅನ್ನವನ್ನು ಬಿಸಾಡುವಂತಿಲ್ಲ, ಮೊದಲ ತುತ್ತನ್ನು ಮನೆಯ ಮಕ್ಕಳಿಗೆ ಕೊಡಬೇಕು. ನಾನು ಎಲೆ ನೋಡುತ್ತ ಕೂತೆ. ಅವರು ಒದ್ದೆ ಕೈಯಲ್ಲೇ ಚಿತ್ರಾನ್ನ ಹಿಸುಕಿ, ಮಗಳ ಬಾಯಿಗೆ ಹಿಡಿಯುವಷ್ಟು ಚಿಕ್ಕ ತುತ್ತು ಕಟ್ಟಿದರು. ಕಟ್ಟಿ ಕೈ ಎತ್ತಿದ ಮೇಲೆ ಯಾರಿಗೆ ಕೊಡುವುದೆಂದು ಅವರಿಗೆ ತಿಳಿಯಲಿಲ್ಲ. ನಾನು ಮುಂದಕ್ಕೆ ಬಾಗಿ ಬಾಯಿ ತೆರೆದೆ.