ಕೆಳಗಿನಿಂದ ಕಂಡ ಕೈ

ಗೋದಾಮಿನ ಗೇಟಿನಲ್ಲಿ ಕೋಲು, ಸೀಟಿ ಹಿಡಿದು ರಾತ್ರಿ ಕಳೆಯುತ್ತಿದ್ದ ಕಾವಲುಗಾರನಿಗೆ ಬ್ಯಾಂಕಿನಲ್ಲಿ ಹಗಲು ಪಾಳಿಯ ಕೆಲಸ ಸಿಗುವುದರಲ್ಲಿತ್ತು. ಷರತ್ತು ಒಂದೇ: ಬಂದೂಕು ಅವನದೇ ಆಗಿರಬೇಕು, ಪರವಾನಗಿಯೂ ಅವನ ಹೆಸರಿನಲ್ಲೇ ಇರಬೇಕು. ಅಂಗಡಿಗೆ ಹೋಗಿ ಹಳೆಯ ಬಂದೂಕೊಂದನ್ನು ನೋಡಿ ಬಂದದ್ದೂ ಆಗಿತ್ತು. ಪರವಾನಗಿ ಕೈಸೇರಿದರೆ ಕೊಂಡುಕೊಳ್ಳುವುದಷ್ಟೇ ಬಾಕಿ. ಆಮೇಲೆ ಮಗಳು ಮಲಗುವ ಹೊತ್ತಿಗೆ ಅಪ್ಪನೂ ಮನೆಯಲ್ಲಿರುತ್ತಾನೆ.

ಹೆಂಡತಿಗೆ ಮಾತ್ರ ಈ ಸುದ್ದಿ ಗಂಟಲಲ್ಲಿ ಇಳಿದಿರಲಿಲ್ಲ. ಬೆಂಕಿಪೊಟ್ಟಣವನ್ನೂ ಮೇಲಿನ ಗೂಡಿಗೆ ಸೇರಿಸುವವಳು, ಕತ್ತರಿಗೆ ಬಟ್ಟೆ ಸುತ್ತಿ ಗಂಟು ಹಾಕುವವಳು ಅವಳು. ನಾಲ್ಕು ವರ್ಷದ ಮಗು ಓಡಾಡುವ ಎರಡು ಕೋಣೆಯ ಮನೆಗೆ ಬಂದೂಕೇ? ವಿಚಾರಣೆಗೆ ಪೊಲೀಸರು ಬರುತ್ತಾರೆ, ಮನೆಯವರ ಅಭ್ಯಂತರವನ್ನೂ ಕೇಳುತ್ತಾರೆ ಎಂದು ತಿಳಿದ ದಿನವೇ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಗಂಡನಿಗೆ ಬೇಜಾರಾದರೆ ಆಗಲಿ.

ಹಾಗೆಂದು ಅವನ ಮೇಲೆ ಅವಳಿಗೆ ದೂರೇನೂ ಇರಲಿಲ್ಲ. ಪಕ್ಕದ ಮನೆಯ ಬೆಕ್ಕು ಹಾಲಿಗೆ ಬಾಯಿ ಹಾಕಿದರೂ 'ಹೋಗಮ್ಮಾ' ಎಂದು ಬೇಡಿಕೊಳ್ಳುವ ಆಸಾಮಿ. ಎರಡು ವಿಚಿತ್ರಗಳಿದ್ದವು, ಅಷ್ಟೆ. ತಾರಸಿಗೆ ಕಾಲಿಡುತ್ತಿರಲಿಲ್ಲ, ಒದ್ದೆ ಬಟ್ಟೆಯ ಬಕೆಟನ್ನು ಕೊನೆಯ ಮೆಟ್ಟಿಲವರೆಗೆ ಹೊತ್ತು, ಅವಳ ಕೈಗೆ ದಾಟಿಸಿ ಇಳಿದುಬಿಡುತ್ತಿದ್ದ. ಈ ಕಾವಲುಗಾರನನ್ನು ಕಾಯಲು ಇನ್ನೊಬ್ಬ ಬೇಕು ಎಂದು ಅವಳು ಕಿಚಾಯಿಸಿದಾಗಲೆಲ್ಲ ಅತ್ತೆ ಏಕೋ ಎದ್ದು ಒಳಗೆ ಹೋಗುತ್ತಿದ್ದರು. ಇನ್ನೊಂದು, ಮಗಳು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಅವಳ ಫ್ರಾಕನ್ನು ಮುಷ್ಟಿ ಕಟ್ಟಿ ಹಿಡಿಯುವುದು. ಎಷ್ಟು ಬಿಗಿಯೆಂದರೆ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಮಗುವನ್ನು ಹಿಡಿಯಿರಿ, ಬಟ್ಟೆಯನ್ನಲ್ಲ ಎಂದು ಬೈದು ಬೈದು ಅವಳಿಗೇ ಸಾಕಾಗಿತ್ತು.

ಒಂದು ಮಧ್ಯಾಹ್ನ ನಿವೃತ್ತಿಗೆ ಹತ್ತಿರವಾಗಿದ್ದ ಪೊಲೀಸ್ ಜಮಾದಾರರೊಬ್ಬರು ವಿಚಾರಣೆಗೆ ಬಂದರು. ಉಸ್ಸೆಂದು ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಒಳಕೋಣೆಯಲ್ಲಿ ಮಗು ಮಲಗಿತ್ತು. ಅತ್ತೆ ನೆಲದ ಮೇಲೆ ಬಟ್ಟೆ ಮಡಿಸುತ್ತಿದ್ದರು. ಕಾವಲುಗಾರ ಗೋಡೆಗೊರಗಿ ನಿಂತಿದ್ದ. ಕೆಲಸ, ಬಾಡಿಗೆ, ಕುಡಿತ ಎಲ್ಲ ವಿಚಾರಿಸಿದ ಜಮಾದಾರರು, ಹಿಂದೆ ಯಾವಾಗಲಾದರೂ ಬಂಧನವಾಗಿತ್ತೇ ಎಂದು ಕೇಳಿದರು.

ಟೀ ತಂದ ಹೆಂಡತಿ ನಕ್ಕುಬಿಟ್ಟಳು. ಇವರನ್ನೇ? ಠಾಣೆ ಇರುವ ಬೀದಿಯನ್ನೇ ತಪ್ಪಿಸಿ ಸುತ್ತಿ ಬರುವವರು ಎಂದಳು. ಬೇರೆ ಯಾರೂ ನಗಲಿಲ್ಲ.

"ನೀನೇ ಹೇಳಪ್ಪ," ಎಂದರು ಜಮಾದಾರರು, ಅವನ ಕಡೆ ತಿರುಗಿ. "ನಂಗೆ ಗೊತ್ತಿದೆ. ಆದ್ರೂ ನಿನ್ನ ಬಾಯಿಂದ ಬರ್ಬೇಕು."

ಜಮಾದಾರರು ಬಿಡಿಸಿ ಹೇಳಿದರು. ಹಿಂದೊಮ್ಮೆ ಹಿಡಿದಿದ್ದರು ಅನ್ನುವುದೊಂದರಿಂದಲೇ ಪರವಾನಗಿ ತಪ್ಪಲೇಬೇಕೆಂದೇನಿಲ್ಲ. ಕೇಸು ನಿಲ್ಲಲಿಲ್ಲ, ಶಿಕ್ಷೆಯೂ ಆಗಲಿಲ್ಲ, ಮೇಲಿನವರು ಅದನ್ನೂ ನೋಡುತ್ತಾರೆ. ಆದರೆ ಮುಚ್ಚಿಟ್ಟದ್ದು ಗೊತ್ತಾದರೆ ಆ ಸುಳ್ಳೇ ಸಾಕು, ಅಲ್ಲಿಗೆ ಮುಗಿಯಿತು.

ಹೆಂಡತಿ ಲೋಟ ಹಿಡಿದೇ ನಿಂತಿದ್ದಳು. ಬೆರಳು ಸುಡುತ್ತಿತ್ತು, ಬೇರೆ ಯಾರದೋ ಬೆರಳಿನಂತೆ.

"ಹೌದು ಸಾರ್," ಎಂದ ಅವನು. "ಹಿಡ್ಕೊಂಡು ಹೋಗಿದ್ರು. ಅಣ್ಣ ಸತ್ತಾಗ."

ಅಣ್ಣ ಜ್ವರ ಬಂದು ಹೋದದ್ದಲ್ಲವೇ? ಮದುವೆಯ ಮಾತುಕತೆಯಲ್ಲಿ ಹಾಗೆಂದೇ ಹೇಳಿದ್ದರು. ವಾರಕ್ಕೊಮ್ಮೆ ಅವಳೇ ಧೂಳು ಒರೆಸುತ್ತಿದ್ದ ಫೋಟೊ ಗೋಡೆಯ ಮೇಲಿತ್ತು. ಅದರತ್ತ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ದೂರು ಕೊಟ್ಟವರು ಯಾರು ಎಂದು ಜಮಾದಾರರು ಕೇಳಿದರು. ಅವನು ತಲೆ ತಗ್ಗಿಸಿದ. ಉತ್ತರ ನೆಲದಿಂದ ಬಂತು.

"ನಾನೇ," ಎಂದರು ಅತ್ತೆ.

ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತ ಹೇಳಿದರು. ಅಣ್ಣತಮ್ಮಂದಿರು ಹಳೆಯ ಮನೆಯ ತಾರಸಿಯ ಮೇಲೆ ನೀರಿನ ತೊಟ್ಟಿಯ ಮುಚ್ಚಳ ಕೂರಿಸುತ್ತಿದ್ದರು. ಬೆಳಿಗ್ಗೆ ಇಬ್ಬರಿಗೂ ಯಾವುದೋ ಸಣ್ಣ ಮಾತಿಗೆ ಜಗಳವಾಗಿತ್ತು. ಸದ್ದು ಕೇಳಿ ಅಂಗಳದಿಂದ ಕತ್ತೆತ್ತಿದರೆ ದೊಡ್ಡವನು ಕಟ್ಟೆಯ ಅಂಚಿನಲ್ಲಿ, ಚಿಕ್ಕವನ ಕೈ ಅವನ ಬೆನ್ನಿನ ಮೇಲೆ. ಮರುಕ್ಷಣ ದೊಡ್ಡವನು ಅವರ ಕಾಲ ಬಳಿ ಬಿದ್ದಿದ್ದ. ತಳ್ಳಿಬಿಟ್ಟ ಎಂದು ಬೀದಿಯೆಲ್ಲ ಕೇಳುವಂತೆ ಕೂಗಿದ್ದರು. ಠಾಣೆಯಲ್ಲೂ ಅದನ್ನೇ ಹೇಳಿದ್ದರು. ತಳ್ಳಿದ್ದನ್ನು ಕಂಡಿರೋ, ಹಿಡಿದದ್ದನ್ನು ಕಂಡಿರೋ ಎಂದು ನ್ಯಾಯಾಲಯದಲ್ಲಿ ಕೇಳಿದಾಗ ಮಾತ್ರ ನಾಲಿಗೆ ಏಳಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ. ಮಗನನ್ನು ಬಿಟ್ಟರು.

"ಹಿಡಿಯೋಕೆ ಚಾಚಿದ ಕೈನೂ, ತಳ್ಳೋಕೆ ಚಾಚಿದ ಕೈನೂ ಕೆಳಗಿಂದ ನೋಡಿದ್ರೆ ಒಂದೇ ಥರ ಕಾಣ್ತವಮ್ಮ," ಎಂದರು ಸೊಸೆಗೆ.

"ಅಂಗಿ ಸಿಕ್ಕಿತ್ತು," ಎಂದ ಅವನು, ಯಾರಿಗೂ ಅಲ್ಲವೆಂಬಂತೆ. "ಬಿಗಿಯಾಗಿ ಹಿಡೀಲಿಲ್ಲ."

ಹೆಂಡತಿ ಲೋಟವನ್ನು ಜಮಾದಾರರ ಮುಂದಿಟ್ಟಳು. ಇಷ್ಟು ವರ್ಷ ತಾಯಿ ಮಗನಿಗೆ ಬಡಿಸಿದ್ದು, ಮಗ ತಲೆ ತಗ್ಗಿಸಿ ಉಂಡದ್ದು, ನಡುವೆ ಕೂತು ಹರಟಿದವಳು ತಾನು. ಬಕೆಟ್ಟಿನ ಜೋಕುಗಳೆಲ್ಲ ಒಂದೊಂದಾಗಿ ಬಂದು ಅವಳಿಗೇ ಚುಚ್ಚಿದವು.

ಜಮಾದಾರರು ಅವಳತ್ತ ತಿರುಗಿದರು. ಬಂದೂಕು ಮನೆಯಲ್ಲಿರುವುದಕ್ಕೆ ಅವಳ ಅಭ್ಯಂತರವೇನಾದರೂ ಇದೆಯೇ?

ಜೋಡಿಸಿಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮಗುವಿನ ಭಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಈಗ ಬೇಡವೆಂದರೆ ಅದು ಮಗುವಿಗಾಗಿ ಎಂದು ಅವನು ನಂಬುತ್ತಾನೆಯೇ? ಈ ಮನೆಯಲ್ಲಿ ಅವನತ್ತ ಬೆರಳು ತೋರಿಸಿದ ಎರಡನೆಯ ಹೆಂಗಸಾಗುತ್ತಾಳೆ ತಾನು.

"ಅಭ್ಯಂತರ ಇಲ್ಲ," ಎಂದಳು. "ಬಂದೂಕಿನ ಪೆಟ್ಟಿಗೆ ಕೀಲಿ ಮಾತ್ರ ಅತ್ತೆ ಹತ್ರ ಇರ್ಲಿ."

ಅತ್ತೆಯ ಕೈಯಲ್ಲಿದ್ದ ಬಟ್ಟೆ ಜಾರಿತು. ಜಮಾದಾರರು ತಲೆಯಾಡಿಸಿದರು. ಅದೆಲ್ಲ ನಡೆಯುವುದಿಲ್ಲ; ಬಂದೂಕು ಯಾರದೋ ಕೀಲಿಯೂ ಅವರ ಹತ್ತಿರವೇ ಇರಬೇಕು.

"ಈಗ ಹೇಳಿ ತಾಯಿ."

ಅವನು ಅವಳನ್ನು ನೋಡುತ್ತಿರಲಿಲ್ಲ. ಗೋಡೆಗೆ ಒತ್ತಿಕೊಂಡಿದ್ದ ಅವನ ಕೈ ಮುಷ್ಟಿಯಾಗಿತ್ತು. ಫ್ರಾಕು ಹಿಡಿಯುವ ಅದೇ ಮುಷ್ಟಿ.

"ಹಾಗಾದ್ರೆ ಅವರ ಹತ್ರಾನೇ ಇರ್ಲಿ," ಎಂದಳು.

ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಕೊಡುವುದು ಬಿಡುವುದು ಮೇಲಿನವರಿಗೆ ಬಿಟ್ಟದ್ದು ಎಂದು ಜಮಾದಾರರು ಎದ್ದರು. ತಣ್ಣಗಾದ ಟೀಯನ್ನು ಅವರು ಮುಟ್ಟಿರಲಿಲ್ಲ.

ನಿದ್ದೆಯಿಂದೆದ್ದ ಮಗಳು ನೇರ ಮೆಟ್ಟಿಲಿಗೆ ಓಡಿದಳು, ಅಪ್ಪ ಹಿಂದೆಯೇ. ಪರ್ರೆಂದು ಹೊಲಿಗೆ ಬಿಚ್ಚಿದ ಸದ್ದು ಒಳಗಿನವರೆಗೂ ಕೇಳಿತು. ಅವನು ಅಲ್ಲೇ ನಿಂತು, ಬೈಗುಳಕ್ಕೆ ಕಾಯುವವನಂತೆ ಬಾಗಿಲ ಕಡೆ ನೋಡಿದ. ಅವಳು ಬೈಯಲಿಲ್ಲ. ಸೂಜಿ ಹುಡುಕಿ ತಂದು ಕೂತಳು. ದಾರ ಎಷ್ಟು ಸಲ ಒದ್ದೆ ಮಾಡಿದರೂ ಸೂಜಿಯ ಕಣ್ಣಿಗೆ ಸೇರಲಿಲ್ಲ.