ಬಿಲ್ಲಿನ ತಾರೀಖು, ಮೆಮೊರಿಯ ಚೀಟಿ

ಕಳೆದ ಸೋಮವಾರ ರಾಯಚೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ, ಹಳೆಯ ಬಿಲ್ಲಿನ ಆಧಾರದಿಂದ, ನನ್ನ ಲ್ಯಾಪ್‌ಟಾಪ್‌ಗೆ ಡಿಡಿಆರ್-ಮೂರು ಎಂಬ ಹಳೆಯ ಬಗೆಯ ಮೆಮೊರಿಯೇ ಹೊಂದುತ್ತದೆಂದು ಸಾಧಿಸಿದೆ. ಖರೀದಿಯ ವರ್ಷದಿಂದ ನಾನು ತರ್ಕಿಸಿದ್ದೆ.

“ನೀವು ದೊಡ್ಡೋರು, ನೀವು ಹೇಳಿದ್ದೇ ಖರೆ ಬಿಡ್ರಿ,” ಎಂದ ಅಂಗಡಿಯಾತ ಹಳೆಯದನ್ನು ಕಳಚಿಟ್ಟು, ಜಾಗದಲ್ಲಿ ಕೂರದ ಹೊಸ ಡಿಡಿಆರ್-ಮೂರನ್ನು ಬಲವಾಗಿ ಒತ್ತತೊಡಗಿದ. ಬೋರ್ಡು ಕಿರುಗುಟ್ಟಿತು. ದೇವದುರ್ಗ, ಮಾನ್ವಿಯ ಶಾಸನಗಳ ಕುರಿತ ನನ್ನ ಟಿಪ್ಪಣಿಗಳೆಲ್ಲ ಆ ಲ್ಯಾಪ್‌ಟಾಪಿನಲ್ಲೇ ಇದ್ದವು, ಬೇರೆ ಪ್ರತಿಯಿರಲಿಲ್ಲ.

ಪಕ್ಕದಲ್ಲಿದ್ದ ಮಸರಕಲ್ಲಿನ ಶಿಕ್ಷಕಿ ಕಳಚಿಟ್ಟಿದ್ದ ಮೆಮೊರಿಯನ್ನೆತ್ತಿ ಅದರ ಚೀಟಿ ತೋರಿಸಿದರು: “ಯಪ್ಪಾ, ತಾರೀಖು ನೋಡಿ ಮೆಮೊರಿ ಹಾಕಸ್ತಾರೇನ್ರೀ? ಇದರ ಮ್ಯಾಲ ಡಿಡಿಆರ್-ನಾಕು ಅಂತ ಅದ, ಓದ್ರಿ!” ಅಂಗಡಿಯಾತ ಒತ್ತುವುದನ್ನು ಬಿಟ್ಟು ಡಿಡಿಆರ್-ನಾಲ್ಕನ್ನು ತಂದು ಕೂರಿಸಿದ.

ಮೂಲವನ್ನೇ ನೋಡಿರೆಂದು ಇತಿಹಾಸದ ವಿದ್ಯಾರ್ಥಿಗಳಿಗೆ ಜೀವಮಾನವಿಡೀ ಬೋಧಿಸಿದವನು ನಾನು. ಆ ಚೀಟಿಯನ್ನು ಮೊದಲು ಓದಿದವನು ನಾನೇ ಎಂದು ಈಗ ಗೆಳೆಯರಿಗೆ ಹೇಳುತ್ತಿದ್ದೇನೆ. ಅಂದು ನಾನೇ ಬರೆದ ದಿನಚರಿ ಮಾತ್ರ ಅದನ್ನು ಒಪ್ಪುವುದಿಲ್ಲ.